ಮುಟ್ಟಿದರೆ ಮುನಿ

ನಮ್ಮ ಊರ ಕೆರೆ ಏರಿಯ ಮೇಲೆ ಮುಟ್ಟಿದರೆ ಮುನಿ ಗಿಡ ಯಥೇಚ್ಛವಾಗಿ ಬೆಳೆಯುತ್ತಿತ್ತು. ಶಾಲೆಯಿಂದ ಬರುವಾಗ ನಾವು ಹುಡುಗಿಯರೆಲ್ಲ ಒಂದೊಂದು ಎಲೆಯನ್ನೂ ಬೆರಳ ತುದಿಯಿಂದ ಮುಟ್ಟಿ, ಅದು ಮುದುಡಿಕೊಳ್ಳುವುದನ್ನು ನೋಡಿ ನಗುತ್ತಿದ್ದೆವು. ಅಮ್ಮ ಮಾತ್ರ ಕೆಲವು ದಿನ ನಸುಕಿನಲ್ಲೇ ಎದ್ದು ಹೋಗಿ ಆ ಗಿಡವನ್ನು ಬೇರುಸಹಿತ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ಅರೆದು, ರಸ ಹಿಂಡಿ, ಹಾಲಿನಲ್ಲಿ ಬೆರೆಸಿ, ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತು ಕುಡಿಯುತ್ತಿದ್ದಳು. "ಏನಮ್ಮಾ ಅದು?" ಎಂದು ಕೇಳಿದರೆ "ಉಷ್ಣಕ್ಕೆ ಕಣೇ" ಎನ್ನುತ್ತಿದ್ದಳು. ಅಷ್ಟೇ ಉತ್ತರ.

ಅವಳ ಕಾಯಿಲೆಯ ಹೆಸರು ನನಗೆ ಗೊತ್ತಾದದ್ದು 1985ರಲ್ಲಿ, ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ. ಸಂತೆಯ ದಿನ ಪೇಟೆಯ ಬಸ್ ನಿಲ್ದಾಣದ ಹತ್ತಿರದ ಲಾಡ್ಜೊಂದಕ್ಕೆ ಎಲ್ಲಿಂದಲೋ ಒಬ್ಬ ಬಂದು ಕೂರುತ್ತಿದ್ದ. 'ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್‌ನಲ್ಲಿ ಮೂಲವ್ಯಾಧಿ ಗುಣ' ಎಂದು ಬೋರ್ಡು. ಅಮ್ಮ ಪಕ್ಕದ ಮನೆಯ ರತ್ನಕ್ಕನನ್ನು ಜೊತೆಗೆ ಕರೆದುಕೊಂಡು, ಅಪ್ಪನಿಗೆ ಸೀರೆ ತರಲು ಹೋಗುತ್ತೇವೆಂದು ಹೇಳಿ, ಅಲ್ಲಿಗೆ ಹೋಗಿ ಬಂದಳು. ಆಮೇಲೆ ಒಂದು ತಿಂಗಳು ಅವಳು ಕೂರಲಿಲ್ಲ. ನಿಂತೇ ಅಡಿಗೆ, ನಿಂತೇ ಊಟ, ಮಲಗಿದರೆ ಬೋರಲಾಗಿ. ಚುಚ್ಚಿದ ಜಾಗ ಹುಣ್ಣಾಗಿ, ಮಾದು, ಕೊನೆಗೆ ಆ ದಾರಿಯೇ ಕಿರಿದಾಗಿಬಿಟ್ಟಿತು. ಸಾಯುವವರೆಗೂ ಅವಳಿಗೆ ಬಚ್ಚಲ ಮನೆ ಎಂದರೆ ದಿನದ ಶಿಕ್ಷೆ. ಇದೆಲ್ಲವನ್ನೂ ನನಗೆ ಹೇಳಿದವಳು ರತ್ನಕ್ಕ. ಅಮ್ಮ ಒಂದು ಮಾತೂ ಆಡಲಿಲ್ಲ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಲು ಶುರುಮಾಡಿ ಮೂವತ್ತು ವರ್ಷವಾಗುತ್ತ ಬಂತು. ವಾಟರ್ಲೂ ಯುದ್ಧದ ದಿನ, 1815ರಲ್ಲಿ, ನೆಪೋಲಿಯನ್ನನಿಗೆ ಮೂಲವ್ಯಾಧಿ ಬಾಧಿಸುತ್ತಿತ್ತು ಎಂದು ಬರೆದವರಿದ್ದಾರೆ. ಚಕ್ರವರ್ತಿಯ ಮೊಳೆರೋಗಕ್ಕೂ ಚರಿತ್ರೆಯಲ್ಲಿ ಜಾಗವಿದೆ. ಒಲೆಯ ಮುಂದೆ ಒಂದು ತಿಂಗಳು ನಿಂತೇ ಇದ್ದ ನನ್ನ ಅಮ್ಮನಿಗೆ ಇಲ್ಲ. ಆ ಕಾಯಿಲೆ ನನಗೇ ಬಂದಾಗ, ಅದರ ಚರಿತ್ರೆಯನ್ನು ನಾನೇ ಹುಡುಕಿ ಓದಿದೆ. ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಮೂಗು ಮುರಿಯುವವರು ಪುಟ ತಿರುವಬಹುದು, ನನ್ನ ಬೇಸರವೇನಿಲ್ಲ.

ನನಗೆ ಅದು ಯಾವಾಗ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ನಾವು ಹೆಂಗಸರು ರಕ್ತ ಕಂಡರೆ ಗಂಡಸರ ಹಾಗೆ ಗಾಬರಿ ಬೀಳುವವರಲ್ಲ. ಹನ್ನೆರಡು ಹದಿಮೂರನೇ ವಯಸ್ಸಿನಿಂದ ತಿಂಗಳು ತಿಂಗಳೂ ಕಂಡದ್ದೇ. ಹಾಗಾಗಿ ಕೆಲವು ವರ್ಷ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದೆ. ಮುಟ್ಟು ನಿಂತಿತು, ರಕ್ತ ನಿಲ್ಲಲಿಲ್ಲ. ಆಗ ಸುಳ್ಳು ಹೇಳಿಕೊಳ್ಳಲು ನೆಪವೂ ಇಲ್ಲವಾಯಿತು. ಬಚ್ಚಲಿಗೆ ಎರಡೆರಡು ಸಲ ನೀರು ಹೊಯ್ದು ಬರುವುದು, ಗಾಢ ಬಣ್ಣದ ಸೀರೆಯನ್ನೇ ಉಡುವುದು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದ ಮೇಲೆ ಏಳುವುದು. ಮೆಟ್ಟಿಲು ಹತ್ತಿದರೆ ಏದುಸಿರು. ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳಿಗೆ ಕಣ್ಣು ಕತ್ತಲೆ ಬಂದು ಮೇಜು ಹಿಡಿದುಕೊಂಡೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು.

ನನ್ನ ವಿಷಯದಲ್ಲಿ ಇನ್ನೊಂದು ತೊಡಕೂ ಇತ್ತು. ಚಿಕ್ಕಂದಿನಲ್ಲಿ ಬಂದ ಕೀಲುವಾತದ ಜ್ವರ ನನ್ನ ಹೃದಯದ ಕವಾಟವೊಂದನ್ನು ಕೆಡಿಸಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ ಲೋಹದ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನವೂ ಮಾತ್ರೆ. ಆ ಮಾತ್ರೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ, ನಿಲ್ಲಿಸದಿದ್ದರೆ ಕೆಳಗಿನ ರಕ್ತ ನಿಲ್ಲದು. ನಮ್ಮ ಊರಿನ ಸರ್ಜನ್ ಪರೀಕ್ಷೆ ಮಾಡಿ, "ಮೇಡಮ್, ಬೇರೆಯವರಿಗಾದರೆ ರಬ್ಬರ್ ಬ್ಯಾಂಡ್ ಹಾಕಿಬಿಡ್ತಿದ್ದೆ. ನಿಮಗೆ ಹಾಕೋಕೆ ನನಗೇ ಧೈರ್ಯ ಇಲ್ಲ. ಬ್ಯಾಂಡ್ ಹಾಕಿದ ಭಾಗ ವಾರ ಹತ್ತು ದಿನಕ್ಕೆ ಉದುರುತ್ತೆ, ಆಗ ರಕ್ತ ಹತೋಟಿಗೆ ಬರದೆ ಹೋದರೆ?" ಎಂದರು. ಮೊದಲು ಕೊಲೊನೊಸ್ಕೋಪಿ ಮಾಡಿಸಿ, ಕರುಳಿನಲ್ಲಿ ಬೇರೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ರಕ್ತ ಹರಿದು ಬರುವ ನಾಳವನ್ನೇ ಒಳಗಿನಿಂದ ಮುಚ್ಚುವ ಒಂದು ಚಿಕಿತ್ಸೆ ಇದೆಯಂತೆ. ಕೊಯ್ಯುವುದಿಲ್ಲ, ಸುಡುವುದಿಲ್ಲ, ಆ ಜಾಗವನ್ನು ಮುಟ್ಟುವುದೂ ಇಲ್ಲ.

ಮುಟ್ಟುವುದೂ ಇಲ್ಲ ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಭಯವಾದಾಗ ಓದುವುದು ನನ್ನ ಹಳೆಯ ಅಭ್ಯಾಸ. ಬೆಂಗಳೂರಿಗೆ ಹೋಗುವ ಮುಂಚಿನ ಮೂರು ವಾರ ಮಗಳು ತಂದುಕೊಟ್ಟದ್ದನ್ನೂ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೂ ಓದಿದೆ.

ಈ ರೋಗಕ್ಕೆ ಸಂಸ್ಕೃತದಲ್ಲಿ ಅರ್ಶಸ್ ಎಂದು ಹೆಸರು. ಸುಶ್ರುತ ಸಂಹಿತೆ ಇದಕ್ಕೆ ನಾಲ್ಕು ಉಪಾಯ ಹೇಳುತ್ತದೆ: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಹೊಸದಾಗಿ ಬಂದದ್ದಕ್ಕೆ ಔಷಧ. ಬಲಿತಂತೆಲ್ಲ ಉಳಿದ ಮೂರು. ನಮ್ಮ ಅಡಿಗೆಮನೆಯ ಸುವರ್ಣಗೆಡ್ಡೆಗೆ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು, ಎಂಬ ಹೆಸರೇ ಇದೆ. ಚರಕನಂತೂ ಈ ರೋಗಕ್ಕೆ ಮಜ್ಜಿಗೆಯನ್ನು ಬಹಳ ಹೊಗಳುತ್ತಾನೆ. ಅಮ್ಮನ ಅಡಿಗೆಮನೆ ಚರಕನಿಂದ ಬಹಳ ದೂರವೇನೂ ಇರಲಿಲ್ಲ.

ಕ್ಷಾರ ಎಂದರೆ ಗಿಡಗಳನ್ನು ಸುಟ್ಟ ಬೂದಿಯಿಂದ ಕಾಸಿ ತೆಗೆದ, ಮಾಂಸವನ್ನು ಸುಡುವ ದ್ರವ್ಯ. ಅದನ್ನು ಹಚ್ಚುವ ವಿಧಾನ ಓದುತ್ತಾ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ರೋಗಿಯ ತಲೆ ಇನ್ನೊಬ್ಬರ ತೊಡೆಯ ಮೇಲಿರಬೇಕು. ಸೊಂಟ ಎತ್ತರದಲ್ಲಿ, ಬೆಳಕಿನ ಕಡೆಗೆ. ಮೈ ಅಲುಗದಂತೆ ಬಟ್ಟೆಯಿಂದ ಕಟ್ಟಿ, ಪರಿಚಾರಕರು ಹಿಡಿದುಕೊಳ್ಳಬೇಕು. ಕ್ಷಾರ ಹಚ್ಚಿದ ಮೇಲೆ ನೂರು ಮಾತ್ರೆ ಎಣಿಸುವಷ್ಟು ಹೊತ್ತು ಕಾಯಬೇಕು. ಮೊಳೆ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿದರೆ ಸರಿಯಾಗಿ ಸುಟ್ಟಿತೆಂದು ತಿಳಿಯಬೇಕು. ಆಮೇಲೆ ಹುಳಿಗಂಜಿಯಂಥ ದ್ರವದಿಂದ ತೊಳೆದು ತಣಿಸಬೇಕು. ಎಷ್ಟೊಂದು ಜಾಗ್ರತೆ! ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ಆ ಇನ್ನೊಬ್ಬರ ತೊಡೆ. ಎರಡು ಸಾವಿರ ವರ್ಷದಷ್ಟು ಹಳೆಯ ಕಾಲದಲ್ಲಿ ರೋಗಿಗೆ ತಲೆಯಿಡಲು ಒಂದು ತೊಡೆಯಾದರೂ ಇತ್ತು. ಲಾಡ್ಜಿನ ಆ ಕೋಣೆಯಲ್ಲಿ ಅಮ್ಮನಿಗೆ ಅದೂ ಇರಲಿಲ್ಲ. ರತ್ನಕ್ಕನನ್ನು ಹೊರಗೇ ನಿಲ್ಲಿಸಿದ್ದರಂತೆ.

ಗ್ರೀಕರಲ್ಲೂ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಇದಕ್ಕೇ ಒಂದು ಚಿಕ್ಕ ಪುಸ್ತಕವಿದೆ. ಅಲ್ಲಿಯ ಮುಖ್ಯ ಮದ್ದು ಕಾದ ಕಬ್ಬಿಣ. ಗೇಣುದ್ದದ ಏಳೆಂಟು ಸಲಾಕೆಗಳನ್ನು ಕಾಯಿಸಿಟ್ಟುಕೊಳ್ಳಬೇಕು, ಒಂದು ಮೊಳೆಯನ್ನೂ ಸುಡದೆ ಬಿಡಬಾರದು. ರೋಗಿಯ ತಲೆಯನ್ನೂ ಕೈಗಳನ್ನೂ ಬಿಗಿಯಾಗಿ ಹಿಡಿದಿರಬೇಕು. ಆದರೆ ಅವನು ಅರಚಿದರೆ ಅರಚಲು ಬಿಡಬೇಕು, ಏಕೆಂದರೆ ಅರಚಿದಷ್ಟೂ ಮೊಳೆಗಳು ಹೊರಗೆ ಬರುತ್ತವೆ, ವೈದ್ಯನಿಗೆ ಅನುಕೂಲ! ಇದನ್ನು ಬರೆದಾತ ಕ್ರೂರಿಯೇನಲ್ಲ. ಕಣ್ಣಿಗೆ ಕಾಣುವುದು ಗಂಟು, ಗಂಟನ್ನು ನಾಶಮಾಡಬೇಕು ಎಂಬುದು ಅವನ ಸರಳ ಲೆಕ್ಕ. ಮುಂದಿನ ಎರಡು ಸಾವಿರ ವರ್ಷ ವೈದ್ಯರು ಬಹುಮಟ್ಟಿಗೆ ಇದೇ ಲೆಕ್ಕದಲ್ಲೇ ನಡೆದರು.

1835ರಲ್ಲಿ ಲಂಡನ್ನಿನಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ಸರ್ಜನ್ ಏಳೇ ಹಾಸಿಗೆಗಳ ಒಂದು ಚಿಕ್ಕ ಆಸ್ಪತ್ರೆ ತೆರೆದ. ಗುದದ್ವಾರದ ಕಾಯಿಲೆಗಳಿಂದ ನರಳುವ ಬಡವರಿಗಾಗಿ ಮಾತ್ರ ಅದು. ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆ ಎಂದು ಹೆಸರಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1841ರಲ್ಲಿ ಭಗಂದರಕ್ಕೆ ಇದೇ ಸಾಲ್ಮನ್ನನಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಈಥರ್ ಕೊಟ್ಟು ಮೈಮರೆಸುವುದು ಬಂದದ್ದು 1846ರಲ್ಲಿ. ಡಿಕನ್ಸ್ ಎಲ್ಲವನ್ನೂ ಎಚ್ಚರದಲ್ಲೇ ಸಹಿಸಿದ. ಅದೇ ಸೇಂಟ್ ಮಾರ್ಕ್ಸಿನ ಮಿಲಿಗನ್ ಮತ್ತು ಮಾರ್ಗನ್ ಎಂಬ ಸರ್ಜನ್‌ಗಳು 1937ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆ ಇವತ್ತಿಗೂ ನಡೆಯುತ್ತಿದೆ. ಮೊಳೆಗಳನ್ನು ಕತ್ತರಿಸಿ, ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು ಮಾಯಲು ಬಿಡುವುದು. ಬಲಿತ ಮೊಳೆಗೆ ಅದು ಗಟ್ಟಿ ಚಿಕಿತ್ಸೆಯೇ. ಆದರೆ ಆಮೇಲಿನ ನೋವು ಮಾಡಿಸಿಕೊಂಡವರಿಗೇ ಗೊತ್ತು.

ಇನ್ನು ಇಂಜೆಕ್ಷನ್. 1869ರಲ್ಲಿ ಡಬ್ಲಿನ್ನಿನ ಮಾರ್ಗನ್ ಎಂಬ ಇನ್ನೊಬ್ಬ ವೈದ್ಯ ಮೊಳೆಗೆ ಕಬ್ಬಿಣದ ಲವಣದ ದ್ರಾವಣ ಚುಚ್ಚಿದ. ಮುಂದೆ ಅಮೆರಿಕದಲ್ಲಿ ಕಾರ್ಬಾಲಿಕ್ ಆಮ್ಲ ಚುಚ್ಚುವ ಪದ್ಧತಿ ಹುಟ್ಟಿ, ಊರೂರು ತಿರುಗುವ ನಾಟಿ ವೈದ್ಯರ ಕೈಗೆ ಸಿಕ್ಕಿ, ಗುಟ್ಟಿನ ಮದ್ದಾಗಿ ಮಾರಾಟವಾಯಿತು. ಗೊತ್ತಿದ್ದವರು ಅಳತೆಯರಿತು ಸರಿಯಾದ ಔಷಧ ಕೊಟ್ಟರೆ ಇದೂ ಒಳ್ಳೆಯ ಚಿಕಿತ್ಸೆಯೇ. ಗೊತ್ತಿಲ್ಲದವರ ಕೈಯಲ್ಲಿ ಬರೀ ಸುಡುವ ಆಮ್ಲ. ಈ ಪುಟ ಓದುವಾಗ ಅಮ್ಮನನ್ನು ಚುಚ್ಚಿದವನ ಪೂರ್ವಜರನ್ನು ಕಂಡಂತಾಯಿತು. ಸಂತೆ ದಿನ, ಬಾಡಿಗೆ ಕೋಣೆ, ಗುಟ್ಟಿನ ಸೀಸೆ, ಮರುದಿನ ಬೇರೆ ಊರು. ಅವರ ವ್ಯಾಪಾರ ನಡೆದದ್ದು ಮದ್ದಿನ ಬಲದಿಂದಲ್ಲ. ಯಾರೂ ಹೊರಗೆ ಬಾಯಿಬಿಡುವುದಿಲ್ಲ ಎಂಬ ಧೈರ್ಯದಿಂದ.

1963ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಬ್ಯಾರನ್ ಎಂಬ ಸರ್ಜನ್ ಒಳಮೊಳೆಯ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕುವ ಉಪಾಯವನ್ನು ಸರಳಗೊಳಿಸಿದ. ರಕ್ತವಿಲ್ಲದೆ ಆ ಭಾಗ ಒಣಗಿ ತಾನೇ ಉದುರುತ್ತದೆ. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಇಂದಿಗೂ ಎಷ್ಟೋ ಜನರಿಗೆ ಇದರಲ್ಲೇ ಪರಿಹಾರ ಸಿಗುತ್ತದೆ.

ಇಷ್ಟೆಲ್ಲ ಆದರೂ ಮೊಳೆ ಎಂದರೆ ನಿಜವಾಗಿ ಏನು ಎಂಬುದು ಸ್ಪಷ್ಟವಾಗಿರಲಿಲ್ಲ. ಕಾಲಿನಲ್ಲಿ ನರ ಉಬ್ಬಿದ ಹಾಗೆ ಅಲ್ಲಿಯೂ ಅಭಿಧಮನಿಗಳು ಉಬ್ಬುತ್ತವೆ ಎಂದು ಬಹುಮಂದಿ ನಂಬಿದ್ದರು. 1975ರಲ್ಲಿ ಇಂಗ್ಲೆಂಡಿನ ಥಾಮ್ಸನ್ ಎಂಬ ಸರ್ಜನ್ ಹೊಸ ಮಾತು ಹೇಳಿದ. ಗುದದ್ವಾರದ ಒಳಗೆ ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ಹುಟ್ಟಿನಿಂದಲೇ ಎಲ್ಲರಿಗೂ ಇರುತ್ತವೆ. ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳಲು ಅವು ಬೇಕೇ ಬೇಕು. ಅವನ್ನು ಹಿಡಿದಿಟ್ಟ ಅಂಗಾಂಶ ಸಡಿಲವಾಗಿ ಮೆತ್ತೆ ಕೆಳಗೆ ಜಾರಿದಾಗ ಅದು ರೋಗ. ಅಲ್ಲಿಂದ ಬರುವ ರಕ್ತ ಅಪಧಮನಿಯ ರಕ್ತ. ಅದಕ್ಕೇ ಕೆಂಪು ಅಷ್ಟು ಹೊಳೆಯುತ್ತದೆ.

ನನ್ನಂಥವಳಿಗೆ ಇದು ದೊಡ್ಡ ಸಮಾಧಾನ. ಇಷ್ಟು ವರ್ಷ ನಾನು ಯಾವುದನ್ನು ಮೈಗಂಟಿದ ಕೊಳಕು ಎಂದುಕೊಂಡಿದ್ದೆನೋ ಅದು ಶಾಲೆಯ ಹೆಡ್ಮಾಸ್ಟರಿಗೂ ಜಿಲ್ಲಾಧಿಕಾರಿಗೂ ಇರುವ ಒಂದು ಅಂಗ!

ರಕ್ತ ಬರುವುದು ಅಪಧಮನಿಯಿಂದ ಎಂದಾದರೆ, ಗಂಟಿನ ತಂಟೆಗೆ ಹೋಗದೆ ಆ ಅಪಧಮನಿಯನ್ನೇ ತಡೆಯಬಾರದೇಕೆ? 1995ರಲ್ಲಿ ಜಪಾನಿನ ಮೊರಿನಾಗ ಎಂಬ ವೈದ್ಯರು ಡಾಪ್ಲರ್ ಯಂತ್ರದಿಂದ ರಕ್ತ ಹರಿಯುವ ಸದ್ದು ಆಲಿಸಿ, ಸದ್ದು ಕೇಳಿದಲ್ಲಿ ನಾಳಕ್ಕೆ ಹೊಲಿಗೆ ಹಾಕಿ ಕಟ್ಟುವ ವಿಧಾನ ಪ್ರಕಟಿಸಿದರು. ಇದೂ ಕೆಳಗಿನಿಂದಲೇ ಮಾಡಬೇಕಾದದ್ದು. ಮೇಲಿನಿಂದ, ರಕ್ತದ ಹಾದಿಯಲ್ಲೇ ಇಳಿದು ಹೋಗುವ ದಾರಿ ಬೇರೊಂದು ಚರಿತ್ರೆಯಲ್ಲಿ ತಯಾರಾಗುತ್ತಿತ್ತು. ಅದು ಶುರುವಾದದ್ದು ಹೃದಯದಲ್ಲಿ.

1929. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆ. ವೆರ್ನರ್ ಫೋರ್ಸ್‌ಮನ್ ಎಂಬ ಇಪ್ಪತ್ತೈದರ ಎಳೆಯ ವೈದ್ಯನಿಗೆ, ಕೈಯ ರಕ್ತನಾಳದೊಳಗೆ ತೆಳುವಾದ ಕೊಳವೆ ತೂರಿಸಿ ಹೃದಯದವರೆಗೆ ಹೋಗಬಹುದು ಎಂಬ ಹುಚ್ಚು. ಮೇಲಧಿಕಾರಿ ಬೇಡವೆಂದ. ಉಪಕರಣದ ಬೀರುವಿನ ಕೀಲಿ ಇದ್ದದ್ದು ಗೆರ್ಡಾ ಡಿಟ್ಜೆನ್ ಎಂಬ ನರ್ಸಿನ ಬಳಿ. ಆಕೆಗೆ ವಿಷಯ ಹೇಳಿ ಒಪ್ಪಿಸಿದ. "ಹಾಗಾದರೆ ನನ್ನ ಮೇಲೇ ಮಾಡಿ" ಎಂದು ಆಕೆ ಮುಂದೆ ಬಂದಳು. ಆತ ಆಕೆಯನ್ನು ಮೇಜಿಗೆ ಕಟ್ಟಿ ಮಲಗಿಸಿ, ಆಕೆಗೆ ಕಾಣದಂತೆ ತನ್ನ ಮೊಣಕೈಯನ್ನೇ ಕೊಯ್ದುಕೊಂಡು ಕೊಳವೆ ತೂರಿಸಿಬಿಟ್ಟ! ಆಮೇಲೆ ಕಟ್ಟು ಬಿಚ್ಚಿ, ಇಬ್ಬರೂ ಎಕ್ಸ್‌ರೇ ಕೋಣೆಗೆ ನಡೆದುಹೋದರು. 65 ಸೆಂಟಿಮೀಟರ್ ಒಳಗೆ ಹೋದ ಕೊಳವೆಯ ತುದಿ ಹೃದಯದಲ್ಲಿತ್ತು. 1956ರಲ್ಲಿ ಫೋರ್ಸ್‌ಮನ್‌ಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಗೆರ್ಡಾಳನ್ನು ಪಾಠಪುಸ್ತಕಗಳು ಕಂಡಿಲ್ಲ. ಆಕೆ ಕೀಲಿ ಕೊಡದಿದ್ದರೆ ಆ ದಿನ ಏನೂ ನಡೆಯುತ್ತಿರಲಿಲ್ಲ.

1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ನಾಳವನ್ನು ಕೊಯ್ಯದೆಯೇ ಒಳಗೆ ಹೋಗುವ ಉಪಾಯ ಹೇಳಿದ. ಮೊದಲು ಸೂಜಿ, ಸೂಜಿಯೊಳಗಿಂದ ತೆಳು ತಂತಿ, ಸೂಜಿ ತೆಗೆದು, ತಂತಿಯ ಮೇಲೆ ಕೊಳವೆಯನ್ನು ಜಾರಿಸುವುದು. ಲಂಗಕ್ಕೆ ಲಾಡಿ ಪೋಣಿಸುವಾಗ ನಾವು ಮುಂದೆ ಪಿನ್ನು ನಡೆಸುವುದಿಲ್ಲವೇ, ಸುಮಾರಾಗಿ ಹಾಗೆ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ವೈದ್ಯ ಈ ಹಾದಿಯಲ್ಲಿ ಚಿಕಿತ್ಸೆಯನ್ನೇ ಮಾಡಿದ. ಕಾಲು ಕೊಳೆಯುತ್ತಿದ್ದ 82 ವರ್ಷದ ಅಜ್ಜಿಗೆ ಕಾಲು ತೆಗೆಯಬೇಕೆಂದು ಸರ್ಜನ್‌ಗಳು ಹೇಳಿದ್ದರು. ಅಜ್ಜಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಡಾಟರ್ ಅವಳ ಕಿರಿದಾದ ನಾಳವನ್ನು ಒಳಗಿನಿಂದ ಅಗಲಿಸಿದ. ಅಜ್ಜಿ ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ತನ್ನ ಎರಡೂ ಕಾಲಿನ ಮೇಲೆ ನಡೆದಳು.

ತೆರೆಯುವ ದಾರಿ ಸಿಕ್ಕಿದರೆ ಮುಚ್ಚುವುದೂ ಸಾಧ್ಯ. ಡಾಟರನ ಸಹೋದ್ಯೋಗಿ ಜೋಸೆಫ್ ರೋಷ್, ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದ್ದ ರೋಗಿಯ ನಾಳಕ್ಕೆ ಆ ರೋಗಿಯದೇ ಹೆಪ್ಪುಗಟ್ಟಿದ ರಕ್ತವನ್ನು ಕೊಳವೆಯಿಂದ ಕಳುಹಿಸಿ ರಕ್ತಸ್ರಾವ ನಿಲ್ಲಿಸಿದ ವಿಷಯ 1972ರಲ್ಲಿ ಪ್ರಕಟವಾಯಿತು. 1975ರಲ್ಲಿ ಇಟಲಿ ಮೂಲದ ಜಾನ್‌ಟುರ್ಕೊ ಎಂಬ ಎಪ್ಪತ್ತರ ಹಿರಿಯರು ಸಂಗಡಿಗರೊಂದಿಗೆ ಪುಟ್ಟ ಉಕ್ಕಿನ ಸುರುಳಿ ತಯಾರಿಸಿದರು. ಅದಕ್ಕೆ ಉಣ್ಣೆಯ ಎಳೆಗಳನ್ನು ಕಟ್ಟಿದ್ದರು, ರಕ್ತ ಬೇಗ ಹೆಪ್ಪುಗಟ್ಟಲಿ ಎಂದು. ಕೊಳವೆಯೊಳಗೆ ನೆಟ್ಟಗಿದ್ದ ತಂತಿ ಹೊರಬಂದ ಕೂಡಲೇ ಸುತ್ತಿಕೊಂಡು ನಾಳಕ್ಕೆ ಬೆಣೆಯಾಗುತ್ತದೆ.

ಹೆಂಗಸರು ತಿಳಿದಿರಬೇಕಾದ ಒಂದು ಮಾತು ಇಲ್ಲಿದೆ. ಪ್ಯಾರಿಸ್ಸಿನಲ್ಲಿ ರವೀನಾ ಎಂಬ ಸ್ತ್ರೀರೋಗ ತಜ್ಞರು ಗರ್ಭಕೋಶದ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ ಹೆಚ್ಚು ಹೋಗದಿರಲೆಂದು ಈ ರೀತಿ ನಾಳ ಮುಚ್ಚಿಸುತ್ತಿದ್ದರು. ಮುಚ್ಚಿಸಿಕೊಂಡ ಹಲವು ಹೆಂಗಸರು, "ನನಗೀಗ ಚೆನ್ನಾಗಿದೆ, ಆಪರೇಷನ್ ಬೇಡ" ಎಂದುಬಿಟ್ಟರು! 1995ರಲ್ಲಿ 16 ಹೆಂಗಸರ ಈ ಅನುಭವ ಪ್ರಕಟವಾಗಿ, ಗರ್ಭಕೋಶ ತೆಗೆಯದೆ ಗಡ್ಡೆ ಕುಗ್ಗಿಸುವ ಚಿಕಿತ್ಸೆ ಲೋಕಕ್ಕೆ ತಿಳಿಯಿತು.

ಮೂಲವ್ಯಾಧಿಗೆ ಇದೇ ದಾರಿಯನ್ನು 1994ರಲ್ಲಿ ರಷ್ಯಾದ ಗಾಲ್ಕಿನ್ ಎಂಬ ವೈದ್ಯರು ತಮ್ಮ ಭಾಷೆಯಲ್ಲಿ ಬರೆದಿದ್ದರು. ಇಪ್ಪತ್ತು ವರ್ಷದ ಮೇಲೆ, 2014ರಲ್ಲಿ, ಫ್ರಾನ್ಸಿನ ಮಾರ್ಸೇಲ್ಸ್ ನಗರದ ವಿನ್ಸೆಂಟ್ ವಿದಾಲ್ ಮತ್ತು ಸಂಗಡಿಗರು 14 ರೋಗಿಗಳ ವಿವರ ಪ್ರಕಟಿಸಿ, ಅದಕ್ಕೆ 'ಎಂಬೊರಾಯ್ಡ್' ಎಂದು ಹೆಸರಿಟ್ಟರು. ಅವರಲ್ಲಿ ನನ್ನ ಹಾಗೆ ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಇದ್ದವರೂ ಇದ್ದರು. ಯಾರಿಗೂ ನೋವಾಗಲಿಲ್ಲ, ಹತ್ತು ಜನಕ್ಕೆ ಗುಣ ಕಂಡಿತು, ನಾಲ್ವರಿಗೆ ಮತ್ತೆ ರಕ್ತ ಬಂತು. ಆ ನಾಲ್ವರಲ್ಲಿ ಇಬ್ಬರಿಗೆ ಎರಡನೇ ಸಲ ಮಾಡಿ ಗುಣವಾಯಿತು. ನಾಲ್ವರ ಲೆಕ್ಕವನ್ನೂ ಮುಚ್ಚಿಡದೆ ಬರೆದಿದ್ದರಿಂದಲೇ ನನಗೆ ಆ ವೈದ್ಯರ ಮೇಲೆ ವಿಶ್ವಾಸ ಬಂತು.

ಬೆಂಗಳೂರಿನ ವೈದ್ಯರು ಚಿತ್ರ ಬರೆದು ವಿವರಿಸಿದರು. ನನಗೆ ಅದು ಅರ್ಥವಾದದ್ದು ನಮ್ಮೂರ ಕೆರೆಯಿಂದ. ಕೆರೆಯ ಕೆಳಗಿನ ಗದ್ದೆಯಲ್ಲಿ ನೀರು ತುಂಬಿ ಬದು ಒಡೆಯುತ್ತಿದೆ ಎಂದುಕೊಳ್ಳಿ. ಬದುವಿಗೆ ಮಣ್ಣು ಹಾಕುತ್ತಾ ಕೂರಬಹುದು. ಬುದ್ಧಿವಂತ ನೀರುಗಂಟಿ ಏರಿಯ ಮೇಲೆ ಹೋಗಿ ತೂಬು ತಗ್ಗಿಸುತ್ತಾನೆ. ಕರುಳಿಗೆ ಹೋಗುವ ದೊಡ್ಡ ನಾಳವೊಂದು ಕೆಳಗಿಳಿದು, ಗುದನಾಳದ ಮೇಲ್ಭಾಗದ ಅಪಧಮನಿಯಾಗಿ, ಕವಲೊಡೆದು ಆ ಮೆತ್ತೆಗಳಿಗೆ ರಕ್ತ ಕೊಡುತ್ತದೆ. ಆ ಕವಲುಗಳ ತುದಿಯಲ್ಲಿ ಸುರುಳಿ ಇಟ್ಟರೆ ಮೆತ್ತೆಗೆ ಬರುವ ಒತ್ತಡ ಇಳಿಯುತ್ತದೆ. "ಪೂರ್ತಿ ಮುಚ್ಚಿದರೆ ಆ ಭಾಗ ಒಣಗಿಹೋಗಲ್ವಾ ಡಾಕ್ಟ್ರೇ?" ಎಂದು ಕೇಳಿದೆ. ಪಕ್ಕದಿಂದ ಬೇರೆ ನಾಳಗಳೂ ಅಲ್ಲಿಗೆ ರಕ್ತ ತರುತ್ತವೆ, ಅದರಿಂದ ಜೀವ ಉಳಿಯುತ್ತದೆ ಎಂದರು. ಕೆಲವರಿಗೆ ಮತ್ತೆ ರಕ್ತ ಬರುವುದೂ ಆ ಪಕ್ಕದ ಕಾಲುವೆಗಳಿಂದಲೇ.

ಆ ದಿನ ಬೆಳಿಗ್ಗೆ ನರ್ಸ್ ಬಂದು, "ಅಮ್ಮಾ, ಎಡಗೈ ಬಳೆ ತೆಗೀರಿ" ಎಂದಳು. ನನಗೆ ನಗು ಬಂತು. ಕಾಯಿಲೆ ಎಲ್ಲಿ, ಬಳೆ ಎಲ್ಲಿ! ಸೂಜಿ ಚುಚ್ಚುವುದು ಮಣಿಕಟ್ಟಿನಲ್ಲಿ. ನಾಚಿ ಸಾಯುವ ಭಯದಲ್ಲಿ ವರ್ಷಗಟ್ಟಲೆ ಡಾಕ್ಟರ ಹತ್ತಿರ ಹೋಗದವಳು ಕೊನೆಗೆ ಚಾಚಿದ್ದು ಒಂದು ಕೈ.

ನಾಚಿಕೆ ಅಷ್ಟಕ್ಕೇ ಬಿಡಲಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದ ಟೆಕ್ನಿಷಿಯನ್ ಹುಡುಗಿ ನನ್ನ ಹೆಸರು ಓದಿ, "ಟೀಚರ್... ನೀವಾ!" ಎಂದಳು. ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವಳು! ಎದ್ದು ಓಡಿಹೋಗಲೇ ಎನಿಸಿತು. ಅವಳು ಬಂದು ನನ್ನ ಬಲಗೈ ಹಿಡಿದುಕೊಂಡು, "ದಿನಾ ಎಷ್ಟು ಜನ ಬರ್ತಾರೆ ಟೀಚರ್. ಇದೇನು ಹೊಸದಾ? ನಾನಿಲ್ಲೇ ಇರ್ತೀನಿ" ಎಂದಳು. ಸುಶ್ರುತ ಹೇಳಿದ ಇನ್ನೊಬ್ಬರ ತೊಡೆ ನೆನಪಾಯಿತು.

ಮಣಿಕಟ್ಟಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ನಾನು ಪೂರಾ ಎಚ್ಚರವಾಗಿದ್ದೆ. ಬಣ್ಣದ ದ್ರವ ಬಿಟ್ಟಾಗ ಹೊಟ್ಟೆಯ ಕೆಳಗೆ ಬಿಸಿನೀರು ಹರಿದಂತಾಯಿತು. ಪರದೆಯ ಮೇಲೆ ಎಲೆ ಉದುರಿದ ಮರದಂಥ ಚಿತ್ರ ಮೂಡಿತು. ಅದು ನಾನೇ. ಐದು ಸುರುಳಿ ಇಟ್ಟರು. ಇಡುವಾಗ ನನಗೇನೂ ಗೊತ್ತಾಗಲಿಲ್ಲ. ಸುಮಾರು ಒಂದೂವರೆ ಗಂಟೆ. ಹೃದಯದ ಮಾತ್ರೆಯನ್ನು ಎಷ್ಟು, ಯಾವಾಗ ಎಂದು ಅಲ್ಲಿಯ ವೈದ್ಯರೇ ದಿನದಿನವೂ ನೋಡಿ ಹೊಂದಿಸಿದರು. ಎರಡನೇ ದಿನ ಊರಿಗೆ ಬಂದೆ, ಕೂತುಕೊಂಡೇ.

ಪವಾಡ ಎಂದು ಹೇಳಿ ಯಾರನ್ನೂ ದಾರಿ ತಪ್ಪಿಸಲಾರೆ. ಮೊದಲ ವಾರ ಸ್ವಲ್ಪ ರಕ್ತ ಕಾಣಿಸಿತು, ಆಮೇಲೆ ನಿಂತಿತು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಬಂತು. ವರ್ಷದ ಮೇಲೆ ಎರಡು ಸಲ ಹನಿ ಕಂಡು ಎದೆ ಧಸಕ್ಕೆಂದಿತು. ಅದು ಮದುವೆ ಮನೆಯೂಟದ ಫಲ ಎಂದು ಗೊತ್ತಾಯಿತು. ಈ ಚಿಕಿತ್ಸೆ ಎಲ್ಲರಿಗೂ ಅಲ್ಲ. ರಕ್ತ ಹೋಗುವುದೇ ಮುಖ್ಯ ತೊಂದರೆಯಾದವರಿಗೆ, ಅದರಲ್ಲೂ ಶಸ್ತ್ರಚಿಕಿತ್ಸೆ ಅಪಾಯಕರವಾದವರಿಗೆ ಇದು ಒದಗುತ್ತದೆ. ಮೊಳೆ ಪೂರ್ತಿ ಹೊರಗೆ ಜಾರಿ ಒಳಗೆ ಹೋಗದವರಿಗೆ ಹಳೆಯ ಶಸ್ತ್ರಚಿಕಿತ್ಸೆಯೇ ಮೇಲು. ಬಹುಮಂದಿಗೆ ಇಷ್ಟು ದೂರ ಬರುವ ಅಗತ್ಯವೇ ಇಲ್ಲ. ಸೊಪ್ಪು, ತರಕಾರಿ, ಸಾಕಷ್ಟು ನೀರು, ತಿಣುಕದಿರುವುದು, ಬಂದಾಗ ತಡೆಯದಿರುವುದು, ಇವೇ ಮೊದಲ ಮದ್ದು. ಬಂದಾಗ ತಡೆಯದಿರುವುದು ಎಂದು ಬರೆಯುವುದು ಸುಲಭ. ಸರಿಯಾದ ಶೌಚಾಲಯವಿಲ್ಲದ ಊರಿನಲ್ಲಿ ಕತ್ತಲಾಗುವವರೆಗೆ ತಡೆದು ತಡೆದೇ ನಮ್ಮ ಅಮ್ಮಂದಿರು ಈ ಕಾಯಿಲೆಯನ್ನು ಸಾಕಿದರು.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಟೀಚರೊಬ್ಬರು ರಕ್ತ ಕಂಡದ್ದನ್ನೆಲ್ಲ ಮೂಲವ್ಯಾಧಿ ಎಂದೇ ತಿಳಿದು, ಒಂದೂವರೆ ವರ್ಷ ಯಾರಿಗೂ ತೋರಿಸದೆ ಮನೆಮದ್ದು ಮಾಡಿಕೊಂಡರು. ಅದು ಕರುಳಿನ ಕ್ಯಾನ್ಸರ್ ಆಗಿತ್ತು. ಗೊತ್ತಾದಾಗ ಹೊತ್ತು ಮೀರಿತ್ತು. ರಕ್ತ ಎಲ್ಲಿಂದ ಬರುತ್ತಿದೆ ಎಂದು ಹೇಳಬೇಕಾದವರು ವೈದ್ಯರು. ನಮ್ಮ ಊಹೆಗೆ ಬಿಡುವ ವಿಷಯ ಅದಲ್ಲ.

ಬೆಂಗಳೂರಿನಿಂದ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ "ಎಲ್ಲಿಗೆ ಹೋಗಿದ್ರಿ ಮೇಡಮ್? ಹಾರ್ಟ್ ಚೆಕಪ್ಪಾ?" ಎಂದು ಕೇಳಿದರು. ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು! "ಇಲ್ಲ, ಮೂಲವ್ಯಾಧಿಗೆ" ಎಂದೆ. ಒಂದು ಕ್ಷಣ ಇಡೀ ಕೋಣೆ ಮುಟ್ಟಿದರೆ ಮುನಿಯ ಎಲೆಯಂತೆ ಮುದುಡಿತು. ಕನ್ನಡ ಮೇಷ್ಟ್ರು ಕಿಟಕಿಯಾಚೆ ನೋಡಿದರು. ಯಾರೋ ಮುಸಿಮುಸಿ ನಕ್ಕರು. ನಾನು ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೋದೆ.

ಸಂಜೆ ಎಲ್ಲರೂ ಹೋದ ಮೇಲೆ ಹೊಸದಾಗಿ ಬಂದಿರುವ ವಿಜ್ಞಾನದ ಟೀಚರ್, ಇನ್ನೂ ಮೂವತ್ತು ದಾಟದ ಹುಡುಗಿ, ಚೀಲ ಹೆಗಲಿಗೆ ಹಾಕಿಕೊಂಡವಳು ಬಾಗಿಲವರೆಗೆ ಹೋಗಿ ಮತ್ತೆ ಬಂದಳು. ಅವಳಿಗೆ ಎಂಟು ತಿಂಗಳ ಮಗುವಿದೆ. ದನಿ ತಗ್ಗಿಸಿ, "ಮೇಡಮ್, ನಿಮಗೆ ಹೆಂಗೆ ಶುರುವಾಯ್ತು?" ಎಂದಳು. ಬಾಗಿಲು ಮುಚ್ಚಲು ಹೋದಳು. "ತೆರೆದೇ ಇರಲಿ, ಕೂತ್ಕೋ" ಎಂದೆ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಬ್ಬರೂ ನಮ್ಮ ಊರಿನ ಸರ್ಜನ್ ಹತ್ತಿರ ಹೋದೆವು. ನಾನು ಹೊರಗೆ ನಿಲ್ಲಲಿಲ್ಲ. ಅವಳು ಕೇಳಿಕೊಂಡಳೆಂದು ಒಳಗೇ ಇದ್ದೆ.